ಕ್ಲಚ್ಚಕ್ಕನ ಕಾರು ಕಿರುಚಿದ್ದೇಕೆ

ಹತ್ತೊಂಬತ್ತು ವರ್ಷಗಳಿಂದ ಊರಿನವರಿಗೆಲ್ಲ ಕಾರು ಕಲಿಸುತ್ತಿದ್ದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಜನರ ಬಾಯಲ್ಲಿ ಅವಳು ಕ್ಲಚ್ಚಕ್ಕ. ಪಕ್ಕದ ಸೀಟಿನಲ್ಲಿ ಕೂತು ದಿನಕ್ಕೆ ನೂರು ಸಲ ‘ಕ್ಲಚ್ಚು, ಕ್ಲಚ್ಚು’ ಎನ್ನುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಚರಂಡಿ ಕಂಡರೆ ಅದರ ಕಡೆಗೇ ಸ್ಟೇರಿಂಗ್ ತಿರುಗಿಸುವವರನ್ನೂ, ಗೇರನ್ನು ಬೇರುಸಮೇತ ಕೀಳುವಂತೆ ಎಳೆಯುವವರನ್ನೂ ಅವಳು ದಾರಿಗೆ ತಂದಿದ್ದಳು. ಅಂಥವಳನ್ನು ಆ ವರ್ಷ ಹೈರಾಣು ಮಾಡಿದ್ದು ಅವಳದೇ ಕಾರಿನ ಬ್ರೇಕು.

ಕಾಲಿಟ್ಟರೆ ಸಾಕು, ಕೀಂಯ್ ಎಂದು ಕಿರುಚುತ್ತಿತ್ತು. ಬೀದಿಯ ಕೊನೆಯ ಮನೆಯವರೂ ಕಿಟಕಿ ತೆರೆದು ನೋಡುತ್ತಿದ್ದರು. ಗ್ಯಾರೇಜಿನ ಮೆಕ್ಯಾನಿಕ್ ಎರಡು ಸಲ ಬ್ರೇಕ್ ಪ್ಯಾಡ್ ಬದಲಿಸಿಕೊಟ್ಟಿದ್ದ. ಎರಡು ಸಲವೂ ಒಂದೆರಡು ತಿಂಗಳು ಸುಮ್ಮನಿದ್ದು ಆಮೇಲೆ ಮತ್ತದೇ ರಾಗ. ಮೂರನೆಯ ಸಲ ಹೋದಾಗ, ಹಳೇ ಗಾಡಿ, ಸ್ವಲ್ಪ ಕೂಗೇ ಕೂಗುತ್ತದೆ ಎಂದು ಹೇಳಿ ಅವನು ಕೈ ತೊಳೆದುಕೊಂಡ.

ಕೂಗಿದರೆ ಕೂಗಲಿ ಎಂದು ಅವಳೂ ಬಿಟ್ಟುಬಿಡುತ್ತಿದ್ದಳೇನೋ. ಆದರೆ ನರ್ಸಮ್ಮನ ವಿಷಯ ಇತ್ತಲ್ಲ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ಹೊತ್ತಿಗೆ ಕಾರು ಕಲಿಯುವ ಆಸೆ ಹೊತ್ತು ಬಂದಿದ್ದ ಹಿರಿಯ ಶಿಷ್ಯೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ಎರಡೂ ಸಲ ಬ್ರೇಕು ಕಿರುಚಿದ ಕೂಡಲೇ ಬೆಚ್ಚಿ ಕಾಲು ತೆಗೆದಿದ್ದರು. ಕಾರು ಗೆರೆ ದಾಟಿ ನಿಂತಿತ್ತು.

“ರೋಗಿ ನೋವಿಗೆ ಕೂಗಿದ ಹಾಗೆ ಕೇಳ್ಸುತ್ತಮ್ಮ,” ಎಂದಿದ್ದರು ನರ್ಸಮ್ಮ. “ಕೂಗಿದ್ರೆ ಒತ್ತೋದು ನಿಲ್ಲಿಸಬೇಕು ಅಂತಲೇ ಇಷ್ಟು ವರ್ಷ ಕಲ್ತಿರೋದು. ಕಾಲು ನನ್ನ ಮಾತು ಕೇಳಲ್ಲ.”

ಮೂರನೆಯ ಪರೀಕ್ಷೆ ಸೋಮವಾರಕ್ಕೆ ಗೊತ್ತಾಗಿತ್ತು. ಶನಿವಾರ ಬೆಳಿಗ್ಗೆ ಕ್ಲಚ್ಚಕ್ಕ ಮನೆಯ ಮುಂದೆ ಕಾರಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಅತ್ತೆ ಹೊರಗೆ ಬಂದರು. ಎಪ್ಪತ್ತಾರು ವರ್ಷದ ಜೀವ. ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. ಕಿವಿಗಡಚಿಕ್ಕುವ ಗದ್ದಲದ ನಡುವೆ ಯಾವ ಸಾಲಿನ ಯಾವ ಕದಿರಿಗೆ ಎಣ್ಣೆ ಆರಿದೆ ಎಂದು ನಿಂತಲ್ಲೇ ಹೇಳುತ್ತಿದ್ದರಂತೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಮುಂದಿನಿಂದ ಎಂದಳು ಸೊಸೆ.

“ಮುಂದೆ ಎರಡು ಚಕ್ರ ಇದೆ. ಒಳಗೆ ಕೂತ್ಕೊಂಡು ಕೇಳಿದ್ರೆ ಏನು ಗೊತ್ತಾಗುತ್ತೆ? ನೀನು ಓಡಿಸು, ನಾನು ಹೊರಗೆ ನಿಂತು ಕೇಳ್ತೀನಿ.”

ಮನೆಯ ಹಿಂದಿನ ಓಣಿಯಲ್ಲಿ ಎರಡೂ ಕಡೆ ಉದ್ದನೆಯ ಗೋಡೆ; ಸದ್ದು ಅದಕ್ಕೆ ಬಡಿದು ಹಿಂದಕ್ಕೆ ಬರುತ್ತಿತ್ತು. ಸೊಸೆ ನಿಧಾನಕ್ಕೆ ಹೋಗಿ ಬ್ರೇಕು ಒತ್ತಿದಳು. ಮತ್ತೆ ಬಂದಳು, ಮತ್ತೆ ಒತ್ತಿದಳು. ಅತ್ತೆ ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೇಳಿದರು. ಆರನೆಯ ಸಲಕ್ಕೆ ಕೈ ಎತ್ತಿದರು.

“ಎಡಗಡೆ ಮುಂದಿನದು. ಮತ್ತೆ ಕೇಳು, ನೀನು ಬ್ರೇಕ್ ಬಿಟ್ಟ ಮೇಲೂ ಅದು ಸಣ್ಣಗೆ ಉಜ್ಜುತ್ತಾ ಇರುತ್ತೆ. ಏನೋ ಹಿಡ್ಕೊಂಡಿದೆ, ಬಿಡ್ತಾ ಇಲ್ಲ.”

ಕ್ಲಚ್ಚಕ್ಕನಿಗೆ ಇಷ್ಟು ದಿನ ಯಾರೂ ಕೊಡದ ಸುಳಿವು ಅದು. ಆದಷ್ಟು ಬ್ರೇಕು ಮುಟ್ಟದೆ ಎರಡು ಮೈಲಿ ಓಡಿಸಿ ಬಂದು ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದಳು. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದು ಒಲೆಯ ಮೇಲಿನ ಬಾಣಲೆ. ಅತ್ತೆಯ ಕಿವಿ ಹೇಳಿದ್ದನ್ನೇ ಚಕ್ರದ ಕಾವೂ ಹೇಳುತ್ತಿತ್ತು.

ಅದು ಆರುವವರೆಗೆ ಕಾಯುವುದೇ ಅವಳಿಗೆ ದೊಡ್ಡ ಕಷ್ಟವಾಯಿತು. ನಾಲ್ಕು ಸಲ ಹೋಗಿ ನೋಡಿದಳು. ಕೊನೆಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಚಕ್ರ ಬಿಚ್ಚಿದಳು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳು ಆಚೀಚೆಯಿಂದ ಅಮುಕಿ ನಿಲ್ಲಿಸುತ್ತವೆ. ಅಷ್ಟೇ ಬ್ರೇಕಿನ ಗುಟ್ಟು. ಹೊರಗಿನ ಪ್ಯಾಡು ಹೊಸದರ ಹಾಗೆ ದಪ್ಪಗಿತ್ತು. ಒಳಗಿನದು ಉಗುರಿನಷ್ಟು ತೆಳ್ಳಗೆ ಸವೆದು, ‘ಇನ್ನು ಬದಲಿಸು’ ಎಂದು ಎಚ್ಚರಿಸಲೆಂದೇ ಇಟ್ಟಿರುವ ಪುಟ್ಟ ತಗಡು ಡಿಸ್ಕಿಗೆ ಉಜ್ಜುತ್ತಿತ್ತು.

ಒಂದೇ ದಿನ ಹಾಕಿದ ಜೋಡಿಯಲ್ಲಿ ಒಂದು ಮಾತ್ರ ಏಕೆ ಸವೆಯಿತು? ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಸರಿಯಬೇಕು. ಮೇಲಿನ ಪಿನ್ನನ್ನು ಅವಳು ಬೆರಳಿನಿಂದ ದೂಡಿದಳು. ಬೆಣ್ಣೆಯ ಹಾಗೆ ಜಾರಿತು. ಕೆಳಗಿನದನ್ನು ದೂಡಿದಳು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

“ಅತ್ತೆ, ಸಿಕ್ಕಿತು,” ಎಂದಳು. ಪಿನ್ನು ತುಕ್ಕು ಹಿಡಿದು ಕೂತಿತ್ತು; ಕ್ಯಾಲಿಪರ್ ಸರಿಯದೆ ಒಳಗಿನ ಪ್ಯಾಡೊಂದೇ ಡಿಸ್ಕಿಗೆ ಅಂಟಿಕೊಂಡು ಸವೆಯುತ್ತಿತ್ತು. ಗ್ಯಾರೇಜಿನಲ್ಲಿ ಮಾತ್ರ ಪ್ಯಾಡು ಬದಲಿಸುತ್ತ ಬಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ.

ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ಪ್ಯಾನರಿನಿಂದ ಒಂದಿಷ್ಟು ಹಿಂದೆ ಒಂದಿಷ್ಟು ಮುಂದೆ ತಿರುಗಿಸುತ್ತ ಮುಕ್ಕಾಲು ಗಂಟೆ ಗುದ್ದಾಡಿದಳು. ಅತ್ತೆ ಕುರ್ಚಿ ತಂದು ಪಕ್ಕದಲ್ಲೇ ಕೂತು, ಜೋರು ಮಾಡಬೇಡ, ಮುರಿದೀತು ಎಂದು ಹೇಳುತ್ತಲೇ ಇದ್ದರು. ಥಟ್ಟನೆ ಪಿನ್ನು ಸಡಿಲಾಗಿ ಕೈಗೆ ಬಂದಾಗ ಇಬ್ಬರೂ ಹುಡುಗಿಯರ ಹಾಗೆ ನಕ್ಕರು. ಅದರ ರಬ್ಬರಿನ ಹೊದಿಕೆ ಹರಿದು ನೀರು ಒಳಗೆ ಇಳಿದಿತ್ತು. ಬಿಡಿಭಾಗದ ಅಂಗಡಿಯಿಂದ ಹೊಸ ಪಿನ್ನು, ರಬ್ಬರು, ಕಾವಿಗೆ ಕರಗದ ಬ್ರೇಕ್ ಗ್ರೀಸು, ಎರಡೂ ಕಡೆಗೆ ಹೊಸ ಪ್ಯಾಡು ತಂದಳು. ಪಿನ್ನು ಕೂರುವ ತೂತನ್ನು ಚೊಕ್ಕ ಮಾಡಿ, ಗ್ರೀಸನ್ನು ಪಿನ್ನಿಗೆ ಮಾತ್ರ ಸವರಿ, ಪ್ಯಾಡಿನ ಮೈಗೆ ಒಂದು ಚುಕ್ಕೆಯೂ ತಾಗದಂತೆ ಜೋಡಿಸಿದಳು. ಬ್ರೇಕಿನ ಪೆಡಲು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಟ್ಟಳು.

ಓಣಿಯಲ್ಲಿ ಕಾರು ಓಡಿಸಿ ಬ್ರೇಕು ಒತ್ತಿದರೆ ಸದ್ದೇ ಇಲ್ಲ. ಬ್ರೇಕೇ ಹಿಡಿದಿಲ್ಲವೆಂದು ಗಾಬರಿಯಾಗಿ ಇನ್ನೊಮ್ಮೆ ತುಳಿದಳು. ಕಾರು ಆಗಲೇ ನಿಂತಿತ್ತು.

ಶಿಷ್ಯರನ್ನು ಕೂರಿಸುವ ಗಾಡಿ, ತನ್ನ ಕೈಯನ್ನೇ ನಂಬಿ ಕೂರುವುದು ಬೇಡವೆಂದು ನೇರ ಗ್ಯಾರೇಜಿಗೆ ಹೋಗಿ ಎಲ್ಲ ಬೋಲ್ಟುಗಳನ್ನೂ ಪರೀಕ್ಷೆ ಮಾಡಿಸಿದಳು. ಮೆಕ್ಯಾನಿಕ್ ಹಳೆಯ ಪ್ಯಾಡುಗಳನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ಪಿನ್ ನಾನು ನೋಡ್ಲೇ ಇಲ್ಲ ಅಕ್ಕ. ತಪ್ಪು ನಂದೇ,” ಎಂದ. ಅವನ ಮೇಲೆ ಹರಿಹಾಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು.

ಸೋಮವಾರ ಅತ್ತೆಯೂ ಹಟ ಹಿಡಿದು ಪರೀಕ್ಷೆಯ ಮೈದಾನಕ್ಕೆ ಬಂದರು. ನರ್ಸಮ್ಮ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುವು ದಾಟಿದರು, ದಿಬ್ಬ ಹತ್ತಿ ಇಳಿದರು, ಬಿಳಿ ಗೆರೆಯ ಕಡೆಗೆ ಬಂದರು. ಬೇಲಿಯಾಚೆ ನಿಂತ ಕ್ಲಚ್ಚಕ್ಕ ಬ್ರೇಕು ತುಳಿಯುವವಳ ಹಾಗೆ ಬಲಗಾಲಿನಿಂದ ನೆಲ ಒತ್ತಿದಳು. ಕಾರು ಸದ್ದಿಲ್ಲದೆ, ಗೆರೆಗೆ ಒಂದು ಗೇಣು ಮೊದಲೇ ನಿಂತಿತು. ಅಧಿಕಾರಿ ಕಾಗದದ ಮೇಲೆ ಏನೋ ಬರೆದು, ಪಾಸು ಎಂದು ತಲೆಯಾಡಿಸಿದರು.

ವಾಪಸು ಬರುವಾಗ ನರ್ಸಮ್ಮನೇ ಓಡಿಸಿದರು. ಪಕ್ಕದಲ್ಲಿ ಕ್ಲಚ್ಚಕ್ಕ, ಹಿಂದೆ ಅತ್ತೆ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಮನೆಯ ತಿರುವು ಬಂದಾಗ ಅತ್ತೆ ಮುಂದಕ್ಕೆ ಬಾಗಿ, ಇಳಿಯುವ ಅವಸರ ತನಗೇನೂ ಇಲ್ಲ, ಕೆರೆಯ ಕಡೆಯಿಂದ ಒಂದು ಸುತ್ತು ಹಾಕಿ ಬರೋಣ ಎಂದರು. ನರ್ಸಮ್ಮ ತಿರುವಿಗೆಂದು ಹಾಕಿದ್ದ ಇಂಡಿಕೇಟರ್ ಆರಿಸಿ ಕಾರನ್ನು ಕೆರೆಯ ಕಡೆಗೆ ನೇರಕ್ಕೆ ಬಿಟ್ಟರು.