ಭಾವನ ಮನೆಗೆ ಹೋದ ಗೋಸುಂಬೆಗಳು

ಗೋಸುಂಬೆಯನ್ನು ಮೇಲಿನಿಂದ ಹಿಡಿಯಬಾರದು. ಮೇಲಿನಿಂದ ಬರುವುದೆಲ್ಲ ಅದರ ಲೆಕ್ಕದಲ್ಲಿ ಹದ್ದು. ಮುಂಗಾಲಿನ ಎದುರು ಒಂದು ಕಡ್ಡಿ ಚಾಚಿ ಸುಮ್ಮನೆ ನಿಂತರೆ, ಮನಸ್ಸು ಬಂದಾಗ ತಾನೇ ಹತ್ತಿಕೊಳ್ಳುತ್ತದೆ. ಇದನ್ನು ನಾನು ಕಲಿತದ್ದು ಗಲ್ಫಿಗೆ ಬಂದ ಮೇಲೆ, ಅಬ್ಬಾಸಿಯಾದಲ್ಲಿ, ನಾನು ಕೆಲಸ ಮಾಡುವ ಶಾಲೆಯ ಗೋಡೆಯ ಬಳಿ. ಗೋಡೆಯುದ್ದಕ್ಕೂ ಬೆಳೆಸಿದ ಗಿಡಗಳಿಗೆ ಎರಡು ಹೊತ್ತು ನೀರು ಬಿಡುತ್ತಾರೆ. ಸುತ್ತಲೂ ಸುಡುವಾಗ ಅಷ್ಟು ಜಾಗ ಮಾತ್ರ ಹಸಿರು. ಶುಕ್ರವಾರದ ಸಂತೆಯಲ್ಲಿ ಮಕ್ಕಳ ಹಟಕ್ಕೆ ಕೊಂಡ ಯೆಮನ್ ಕಡೆಯ ಗೋಸುಂಬೆಗಳನ್ನು, ಹಟ ಮುಗಿದ ಮೇಲೆ, ಜನ ತಂದು ಅಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲೇ ಹುಟ್ಟಿ ಬೆಳೆದವೂ ಇದ್ದಾವು. ಮಕ್ಕಳ ತಾಯಂದಿರ ಕಣ್ಣಿಗೆ ಬಿದ್ದರೆ ಆಫೀಸಿಗೆ ದೂರು ಬರುತ್ತದೆ, ಕಾವಲಿನವನು ಪೊರಕೆ ಎತ್ತಿಕೊಂಡು ಹೊರಡುತ್ತಾನೆ. ಅವನಿಗಿಂತ ಮುಂಚೆ ನಾನು ಕಡ್ಡಿ ಹಿಡಿದು ಓಡುತ್ತೇನೆ.

ಓತಿ ದೂರದಿಂದಲೇ ರಕ್ತ ಹೀರುತ್ತದೆ ಎಂದು ನಂಬಿ ಹೊಕ್ಕುಳ ಮುಚ್ಚಿಕೊಂಡು ಓಡಿದ ಕರಾವಳಿಯ ಹುಡುಗಿ ನಾನು. ಈಗ ನನಗೆ ಅವುಗಳ ಮೇಲೆ ಗೌರವವೇ ಇದೆ. ಬಣ್ಣ ಬದಲಿಸುವವರನ್ನು ಗೋಸುಂಬೆ ಎಂದು ಬೈಯುತ್ತೇವಲ್ಲ, ಅದು ಶುದ್ಧ ಅನ್ಯಾಯ. ಸಿಟ್ಟು ಬಂದರೆ ಅದು ಎದುರಿಗೇ ಕಪ್ಪಾಗುತ್ತದೆ. ಮುಖದಲ್ಲಿ ನಗು ಇಟ್ಟುಕೊಂಡು ಹೊಟ್ಟೆಯಲ್ಲಿ ಕುದಿಯುವುದು ಮನುಷ್ಯರ ವಿದ್ಯೆ.

ಹಿಡಿದದ್ದನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಇನ್ನೊಂದು ಕುಟುಂಬದ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ನಮ್ಮ ಪಾಲಿಗಿರುವುದು ಒಂದು ಕೋಣೆ. ಹಾಗಾಗಿ ಒಂದೆರಡು ದಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಪಕ್ಕದ ಬೀದಿಯ ನರ್ಸಕ್ಕನಿಗೆ ಕೊಟ್ಟುಬಿಡುತ್ತಿದ್ದೆ. ಅವರು ಮಂಗಳೂರಿನ ಕೊಂಕಣಿ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ಬಾಲ್ಕನಿಗೆ ಬಲೆ ಕಟ್ಟಿ ಗಿಡ ತುಂಬಿಸಿ, ಒಂದೊಂದಕ್ಕೂ ಬೇರೆ ಬೇರೆ ಗೂಡು ಮಾಡಿದ್ದಾರೆ. ಮೊದಲ ದಿನವೇ ನನಗೆ ಪಾಠ ಮಾಡಿದ್ದರು.

"ಪಾತ್ರೆಯಲ್ಲಿ ನೀರಿಟ್ರೆ ಇದಕ್ಕೆ ಅದು ನೀರು ಅಂತಲೇ ಗೊತ್ತಾಗುದಿಲ್ಲ ಮಾರಾಯ್ತಿ. ಎಲೆ ಮೇಲಿನ ಹನಿ ಮಾತ್ರ ನೆಕ್ಕುದು. ಬಾಟ್ಲಿಯಲ್ಲಿ ಚಿಮುಕಿಸ್ಬೇಕು. ಇಲ್ಲದಿದ್ರೆ ತುಂಬಿದ ಪಾತ್ರೆ ಎದುರೇ ಬಾಯಾರಿ ಸಾಯ್ತದೆ."

ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಕೆಟ್ಟದ್ದು ನಾನು ಒಂದರ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ. ತಲೆಯ ಮೇಲೆ ಎತ್ತರದ ಜುಟ್ಟಿನಂಥ ಮೂಳೆಯಿದ್ದ, ಎಳೆ ಬಾಳೆಲೆಯ ಬಣ್ಣದ ಗಂಡು ಅದು. ಭಾವ ನೋಡಿದರು.

ಭಾವ ಎಂದರೆ ನನ್ನ ಗಂಡನ ಅಕ್ಕನ ಗಂಡ. ನಾನು ಅಣ್ಣ ಎನ್ನಬೇಕು, ಅನ್ನುತ್ತೇನೆ. ಹವಲ್ಲಿಯಲ್ಲಿ ಮನೆ. ತಮ್ಮ ಕಫೀಲನ, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಅರಬ ಧಣಿಯ, ಹತ್ತಿರ ಮಾತಾಡಿ ನನ್ನ ಗಂಡನಿಗೆ ವೀಸಾ ಕೊಡಿಸಿದವರು ಅವರೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ವೀಸಾದ ವಿಷಯದಲ್ಲಿ ಮಾತ್ರ ತಿರುಗಾಮುರುಗಾ. ಇಲ್ಲಿ ಇಸಕೊಂಡವನು ಜೀವಮಾನವಿಡೀ ಕೋಡಂಗಿ. ನಾವು ಊರಿಗೆ ಹೊರಟರೆ ಲಗೇಜಿನಲ್ಲಿ ಅರ್ಧ ಅವರದು. ಅವರ ನೆಂಟರು ಬಂದರೆ ಏರ್‌ಪೋರ್ಟಿಗೆ ಓಡುವುದು ನನ್ನ ಗಂಡ. ಅವರು ಒಮ್ಮೆಯೂ ಬಾಯಿಬಿಟ್ಟು ಎತ್ತಿ ಆಡಿದವರಲ್ಲ. ಆಡಿದ್ದರೆ ತಿರುಗಿ ಒಂದು ಮಾತಾದರೂ ಹೇಳಬಹುದಿತ್ತು.

"ಆ ಓತಿ ನಮ್ಮ ಹಾಲಿಗೆ ಚಂದ ಆಗ್ತದೆ," ಅಂದರು ಭಾವ, ಅವರ ಮನೆಯ ಶುಕ್ರವಾರದ ಊಟದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಅದಕ್ಕೆಂತ ಭಾವ, ನಾಳೆಯೇ ತರ್ತೇನೆ," ಅಂದಾಗಿತ್ತು. ನರ್ಸಕ್ಕ ಅದಕ್ಕಾಗಿ ಗೂಡು ತೊಳೆದಿಟ್ಟು ಕಾಯುತ್ತಿದ್ದರು.

ನೀರಿನ ವಿಷಯ ನಾನು ಭಾವನಿಗೆ ಬಿಡಿಸಿ ಹೇಳಿದೆ. ಅವರು ನಕ್ಕರು. "ಪಾತ್ರೆಯಲ್ಲಿ ಕುಡಿಯದ ಪ್ರಾಣಿ ಉಂಟಾ? ನಾನು ಊರಲ್ಲಿ ಎಷ್ಟು ಓತಿ ನೋಡಿದವ." ದಿನಾ ಬೆಳಿಗ್ಗೆ ತಾವೇ ಸ್ಟೀಲ್ ಪಾತ್ರೆ ತೊಳೆದು ನೀರು ತುಂಬಿಸಿಡುತ್ತಿದ್ದರು. ಮುಂದಿನ ಶುಕ್ರವಾರ ಹೋದಾಗ ಗೋಸುಂಬೆಯ ಕಣ್ಣು ಗುಳಿ ಬಿದ್ದಿತ್ತು. ನಾನು ಬಾಯಿ ತೆರೆದೆ, ಅತ್ತಿಗೆ ಅಡುಗೆಮನೆಗೆ ಎಳೆದುಕೊಂಡು ಹೋದರು. "ಈಗ ಹೇಳ್ಬೇಡ. ಊಟ ಬಿಟ್ಟು ಏಳ್ತಾರೆ." ಅದರ ಮುಂದಿನ ಶುಕ್ರವಾರ ಗೂಡು ಖಾಲಿ.

"ಅದರ ಆಯುಸ್ಸೇ ಅಷ್ಟು," ಅಂದರು ಭಾವ. "ನೀರಿಗೆ ಮಾತ್ರ ನಾನು ಕಡಿಮೆ ಮಾಡ್ಲಿಲ್ಲ." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಬೇಸಿಗೆ ಕಳೆದು ಇನ್ನೊಂದು ಸಿಕ್ಕಿತು, ಹೆಣ್ಣು, ಚಿಕ್ಕದು. ಈ ಸಲ ಫೋಟೊ ಹಾಕಲಿಲ್ಲ. ಆದರೆ ಪಕ್ಕದ ಕೋಣೆಯವರ ಬಾಯಿಂದ ಸುದ್ದಿ ಹವಲ್ಲಿ ತಲುಪಿ ಭಾವನ ಫೋನು ಬಂತು. ನಾನು ಎದೆ ಗಟ್ಟಿ ಮಾಡಿಕೊಂಡು, "ಇದನ್ನು ನರ್ಸಕ್ಕನಿಗೆ ಕೊಡ್ತೇನೆ ಅಂತ ಹೇಳಿ ಆಗಿದೆ ಅಣ್ಣ," ಅಂದೆ.

"ಆಯ್ತು, ನಾನು ನಿನ್ನ ಗಂಡನತ್ರ ಮಾತಾಡ್ತೇನೆ," ಅಂದರು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಮರುದಿನ ಶಾಲೆಯಿಂದ ಬರುವಾಗ ಪೆಟ್ಟಿಗೆ ಖಾಲಿಯಾಗಿತ್ತು.

"ಬೇಡ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?" ಎಂದು ಗಂಡನನ್ನು ಕೇಳಿದೆ.

"ಅವರು ಕೊಡಿಸಿದ ವೀಸಾ, ಇಕಾಮಾದಲ್ಲಿ ಎಷ್ಟು ವರ್ಷ ಊಟ ಮಾಡಿದ್ದೇವೆ, ಯೋಚನೆ ಮಾಡು."

"ಅದು ಸಾಯ್ತದೆ."

"ಸಾಯ್ಲಿಕ್ಕೆ ಬಿಡುದಿಲ್ಲ," ಅಂದರು. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಹಲವು ದಿನ ಮಾತೇ ಬಿಟ್ಟಿದ್ದೆ. ಅವರು ಕೆಲಸದಿಂದ ಬರುವುದು ದಿನಾ ತಡವಾಗತೊಡಗಿದಾಗಲೂ ಕೇಳಲಿಲ್ಲ.

ಒಂದು ದಿನ ಯೂನಿಫಾರ್ಮಿಗೆ ಇಸ್ತ್ರಿ ಹಾಕಲು ಕೂತರೆ ನೀರು ಚಿಮುಕಿಸುವ ಬಾಟಲಿ ಇಲ್ಲ. ಎಲ್ಲಿ ಎಂದೆ. ನನ್ನ ಗಂಡ ತಲೆ ಎತ್ತದೆ ಹೇಳಿದರು: "ಅಕ್ಕನ ಅಡುಗೆಮನೆಯಲ್ಲಿ ಉಂಟು. ಭಾವ ಒಳಕೋಣೆಯಲ್ಲಿ ವಾರ್ತೆ ನೋಡ್ತಾ ಇರುವಾಗ ಎಲೆ ಮೇಲೆ ಚಿಮುಕಿಸಿ ಬರ್ತೇನೆ. ಅವರಿಗೆ ಗೊತ್ತಿಲ್ಲ."

ಶುವೈಖ್‌ನ ಗೋದಾಮಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಮನುಷ್ಯ. ಮನೆ ಒಂದು ದಿಕ್ಕು, ಹವಲ್ಲಿ ಇನ್ನೊಂದು ದಿಕ್ಕು. ಬೇಡ ಎಂಬ ಒಂದು ಮಾತು ಆಡಲಾರದೆ, ದಿನಾ ಸಂಜೆ ಬಸ್ಸು ಹಿಡಿದು ಹೋಗಿ, ಕಳ್ಳನ ಹಾಗೆ ಒಂದು ಓತಿಗೆ ನೀರು ಕುಡಿಸಿ ಬರುತ್ತಾರೆ. ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಕಳೆದ ಶುಕ್ರವಾರ ಊಟಕ್ಕೆ ಹೋಗಿದ್ದೆವು. ಗೋಸುಂಬೆ ಮೈತುಂಬಿಕೊಂಡು ಹಸಿರಾಗಿತ್ತು. ಭಾವ ನನ್ನನ್ನು ಗೂಡಿನ ಹತ್ತಿರ ಕರೆದು ಸ್ಟೀಲ್ ಪಾತ್ರೆ ತೋರಿಸಿದರು.

"ನೋಡಿದ್ಯಾ? ಪಾತ್ರೆ ನೀರಲ್ಲೇ ಬದುಕಿದೆ. ನಿನ್ನ ನರ್ಸು ಎಂತೆಂತದೋ ಹೇಳಿದ್ರಲ್ಲ."

"ಹೌದು ಭಾವ," ಅಂದರು ನನ್ನ ಗಂಡ, ತಟ್ಟೆಯಿಂದ ಕಣ್ಣೆತ್ತದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನಿಜ ಹೇಳಿದರೆ ನಾಳೆಯಿಂದ ನನ್ನ ಗಂಡ ಆ ಮನೆಗೆ ಹೋಗುವ ಹಾಗಿಲ್ಲ, ಗೂಡಿನಲ್ಲಿ ಆ ಪಾತ್ರೆಯೊಂದೇ ಉಳಿಯುತ್ತದೆ.

"ಹೌದು ಅಣ್ಣ," ಅಂದೆ ನಾನೂ.