ಹುಚ್ಚೆಳ್ಳಿನ ಮುಂದೆ ನಿಂತ ಅಕ್ಕ

ನನ್ನ ಹೊಲಿಗೆ ಅಂಗಡಿ ಇರುವುದು ಕೆ.ಆರ್. ಪೇಟೆಯ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ. ಬ್ಲೌಸು ಹೊಲಿಸಲು ಬರುವ ಹೆಂಗಸರು ಮೊದಲೆಲ್ಲ ಬಟ್ಟೆಯನ್ನೂ ಅಳತೆಗೊಂದು ಹಳೆಯ ಬ್ಲೌಸನ್ನೂ ಮುಂದಿಡುತ್ತಿದ್ದರು. ಈಗ ಬಂದ ತಕ್ಷಣ ಫೋನನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. "ಇಂಗೇ ಬರ್ಬೇಕು ಕಣಕ್ಕ." ಆ ಚಿತ್ರದ ಹುಡುಗಿಗೆ ಹೊಟ್ಟೆಯಿಲ್ಲ, ಕಂಕುಳಲ್ಲಿ ಬೆವರಿಲ್ಲ, ಅವಳು ಜನ್ಮದಲ್ಲಿ ಒಂದು ಕೊಡ ನೀರು ಎತ್ತಿ ಸೊಂಟದ ಮೇಲಿಟ್ಟವಳಲ್ಲ. ಈಚೆಗಂತೂ ಅವಳು ಹುಡುಗಿಯೇ ಅಲ್ಲ, ಯಾವುದೋ ಸಾಫ್ಟ್‌ವೇರು ಬರೆದ ಚಿತ್ರವಂತೆ. ಕೊಕ್ಕೆ ಎಲ್ಲಿದೆ ಎಂದು ನೋಡಿದರೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಇದನ್ನು ಹಾಕಿಕೊಳ್ಳುವುದು ಹೇಗಮ್ಮ ಎಂದು ಕೇಳಿದ್ದಕ್ಕೆ ಪಾಂಡವಪುರದಿಂದ ಬಂದಿದ್ದ ಒಬ್ಬಾಕೆ ಮುಖ ಊದಿಸಿಕೊಂಡು ಬಟ್ಟೆ ವಾಪಸು ತೆಗೆದುಕೊಂಡು ಹೋದಳು. ಹೊಲಿಯಲು ಬಾರದವಳು ನಾನಂತೆ.

ಫೋನುಗಳ ಮೇಲೆ ನನಗಿರುವುದು ಸಿಟ್ಟಲ್ಲ, ತಾತ್ಸಾರ. ಸಿಟ್ಟು ಬರಲು ಎದುರಿಗಿರುವುದಕ್ಕೆ ಒಂದಿಷ್ಟಾದರೂ ಯೋಗ್ಯತೆ ಇರಬೇಕು. ನನ್ನ ಹೊಲಿಗೆ ಯಂತ್ರ ಮದುವೆಯಾದ ವರ್ಷದ್ದು. ಎಣ್ಣೆ ಬಿಟ್ಟರೆ ಓಡುತ್ತದೆ, ಬೆಲ್ಟು ಸಡಿಲವಾದರೆ ಹೇಳುತ್ತದೆ, ಅದರ ಚಕ್ರ ಇದ್ದ ಜಾಗದಲ್ಲೇ ಇದೆ. ಈ ಫೋನುಗಳಲ್ಲಿ ಸೋಮವಾರ ಇದ್ದ ಗುಂಡಿ ಮಂಗಳವಾರ ಇರುವುದಿಲ್ಲ. ಹೊಸದು ಮಾಡಿದ್ದೇವೆ, ಚೆನ್ನಾಗಿದೆಯೇ, ಐದು ನಕ್ಷತ್ರ ಕೊಡಿ ಎಂದು ಅದೇ ಕೇಳಿಕೊಳ್ಳುತ್ತದೆ. ನಾನು ಯಾವ ಗಿರಾಕಿಯನ್ನೂ ನಕ್ಷತ್ರ ಕೇಳಿದವಳಲ್ಲ. ಚೆನ್ನಾಗಿ ಹೊಲಿದಿದ್ದರೆ ಮುಂದಿನ ಹಬ್ಬಕ್ಕೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಕೊಂಡು ಎರಡು ವರ್ಷಕ್ಕೆ ಮುಪ್ಪಾಗುವ ವಸ್ತುವಿಗೆ ಇಷ್ಟೊಂದು ಜಂಬ ಏಕೋ ನನಗಂತೂ ತಿಳಿಯದು.

ಹೋದ ವರ್ಷ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿದ್ದೆವು. ಹೊಳೆ ತುಂಬಿತ್ತು. ಬಂದವರೆಲ್ಲ ಹೊಳೆಗೆ ಬೆನ್ನು ತಿರುಗಿಸಿ ಕೈ ಮೇಲೆತ್ತಿ ಫೋನಿನ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದರು. ಮುಖವೂ ಅವರದಲ್ಲ, ಫೋನೇ ಬೆಳ್ಳಗೆ ಮಾಡಿ ಕೊಟ್ಟಿದ್ದು. ಎಂಥ ಜನ ಎಂದು ನನ್ನ ಗಂಡನಿಗೆ ಹೇಳಿದೆ. ಅವರು ವೀಡಿಯೊ ಮಾಡುತ್ತಿದ್ದರು.

ಇಷ್ಟೆಲ್ಲ ಬೈಯುವ ನಾನೇ ನಮ್ಮ ಮನೆತನದಲ್ಲಿ ಫೋನು ಬಲ್ಲವಳು ಎಂದು ಹೆಸರಾದವಳು. ಯಾರಿಗೆ ಯಾವ ಆಪ್ ಇಳಿಸಬೇಕಾದರೂ, ಯಾರ ಪಾಸ್‌ವರ್ಡ್ ಮರೆತುಹೋದರೂ ಫೋನು ನನ್ನ ಅಂಗಡಿಗೆ ಬರುತ್ತದೆ. ಬೈದುಕೊಂಡೇ ಸರಿಮಾಡಿ ಕೊಡುತ್ತೇನೆ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆದದ್ದೇ ಸಾಕು. ನನ್ನ ಫೋನಿನಲ್ಲಿ ಒಂದು ಆಟವಿತ್ತು. ಬೇಸಾಯದ ಆಟ. ಬೆರಳಿನಲ್ಲಿ ಸವರಿದರೆ ಬಿತ್ತನೆ, ಮೂರು ಗಂಟೆಗೆ ಗೋಧಿ ಹಣ್ಣಾಗುತ್ತದೆ, ಕೊಯ್ದರೆ ಟಣಟಣ ಎಂದು ನಾಣ್ಯ ಬೀಳುತ್ತದೆ. ಕಳೆ ಇಲ್ಲ, ಹಂದಿ ಕಾಟವಿಲ್ಲ, ಸೊಂಟ ನೋವಿಲ್ಲ. ಹಸು ಸಗಣಿಯನ್ನೇ ಹಾಕುವುದಿಲ್ಲ. ಇದನ್ನು ಮಾಡಿದವನು ಹೊಲದ ಬದುವಿನ ಮೇಲೆ ಒಂದು ದಿನ ಕೂತವನಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಗೊತ್ತಿದ್ದೂ ಕಾಜಾ ಹೊಲಿಯುವ ನಡುನಡುವೆ ಕೊಯ್ಯುತ್ತಿದ್ದೆ. ರೈತರ ಮನೆಯಲ್ಲಿ ಹುಟ್ಟಿ, ಕಳೆ ಕೀಳುವುದಕ್ಕೆ ಹೆದರಿ ಟೈಲರಿಂಗ್ ಕಲಿತವಳು, ನಲವತ್ತೈದು ದಾಟಿದ ಮೇಲೆ ಗಾಜಿನ ಮೇಲೆ ಗೋಧಿ ಬೆಳೆಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿದ್ದು ಸೋದರಮಾವನಿಗೆ, ಬಿಂಡಿಗನವಿಲೆ ಪಕ್ಕದ ನಮ್ಮೂರಲ್ಲೇ. ಅವಳು ಹುಟ್ಟಿದ ಊರಿನ ಮಣ್ಣು ಬಿಟ್ಟು ಹೋಗಲೇ ಇಲ್ಲ. ಅಪ್ಪನ ಹೊಲದಲ್ಲಿ ಗೇಯ್ದಳು, ಆಮೇಲೆ ಗಂಡನ ಹೊಲದಲ್ಲಿ ಗೇಯ್ದಳು. ರಾಗಿ ಮಾರಿದ ಚೀಟಿಯಲ್ಲಿ ಮೊದಲು ಅಪ್ಪನ ಹೆಸರು, ಆಮೇಲೆ ಭಾವನ ಹೆಸರು. ಎರಡು ವರ್ಷದ ಹಿಂದೆ ನಮ್ಮ ಅಣ್ಣಂದಿರು ಮನಸ್ಸು ಮಾಡಿ ಕೆರೆ ಕೆಳಗಲ್ಲದ, ಮಳೆ ನಂಬಿದ ಒಂದು ತುಂಡು ಹೊಲವನ್ನು ಅವಳ ಹೆಸರಿಗೆ ಬರೆದುಕೊಟ್ಟರು. ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ಅಕ್ಕ ನಾಗಮಂಗಲಕ್ಕೆ ಹೋಗಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಳು. ಪಹಣಿಗೆ ಯಾರು ಲ್ಯಾಮಿನೇಷನ್ ಮಾಡಿಸುತ್ತಾರೆ ಎಂದು ನಾವೆಲ್ಲ ನಕ್ಕೆವು.

"ನಕ್ಕೊಳ್ಳಿ ಬುಡಿ," ಅಂದಳು. "ಈ ವರ್ಸ ರಾಗಿ ನನ್ನೆಸ್ರಲ್ಲೇ ಕೇಂದ್ರಕ್ಕೆ ಆಕ್ತೀನಿ. ಚೀಟಿ ನನ್ನೆಸ್ರಲ್ಲೇ ಬರ್ಬೇಕು. ಒಂದೇ ಒಂದ್ಸಲ ಬಂದ್ರೆ ಸಾಕು ಕಣವ್ವ."

ಸರ್ಕಾರದ ಖರೀದಿ ಕೇಂದ್ರಕ್ಕೆ ರಾಗಿ ಹಾಕಬೇಕಾದರೆ ಹೊಲದಲ್ಲಿ ರಾಗಿ ಇದೆ ಎಂದು ಮೊದಲೇ ದಾಖಲಾಗಿರಬೇಕು. ಅದಕ್ಕೊಂದು ಆಪ್. ಹೊಲದಲ್ಲೇ ನಿಂತು ಬೆಳೆಯ ಫೋಟೋ ಹಾಕಬೇಕು. ಊರಿನಲ್ಲಿ ಹಾಕಿಕೊಡುವ ಹುಡುಗರಿದ್ದರು. ಆದರೆ ಅಕ್ಕ ಅವರನ್ನು ಕರೆಯಲಿಲ್ಲ. "ನೀನೇ ಬಂದು ಆಕ್ಕೊಡು. ಬ್ಯಾರೆಯವ್ರು ಏನೋ ಒತ್ಬುಟ್ಟಾರು" ಎಂದು ನನಗೇ ಹೇಳಿದಳು.

ಅಂಗಡಿ ಮುಚ್ಚಿ, ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋದೆ. ಅಕ್ಕ ಮದುವೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು ಹೊಲದಲ್ಲಿ ಕಾಯುತ್ತಿದ್ದಳು. ನಮ್ಮ ಕಡೆಯ ರಾಗಿ ಹೊಲದಲ್ಲಿ ರಾಗಿ ಒಂದೇ ಇರುವುದಿಲ್ಲ. ಅಷ್ಟಷ್ಟು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಅವರೆ, ಜೋಳ ಹಾಕುತ್ತಾರೆ. ಅಂಚಿಗೆ ಸುತ್ತಲೂ ಹುಚ್ಚೆಳ್ಳು ಚೆಲ್ಲುತ್ತಾರೆ. ದನ ಬಾಯಿ ಹಾಕುವುದಿಲ್ಲ, ಮನೆಗೆ ವರ್ಷದ ಚಟ್ನಿಪುಡಿಗೂ ಆಗುತ್ತದೆ. ಆಗ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಹೊಲಕ್ಕೆ ಅಂಚು ಕಟ್ಟಿದ ಹಾಗೆ ನಿಂತಿತ್ತು.

ಆಪಿಗೆ ಇದೆಲ್ಲ ಬೇಕಿರಲಿಲ್ಲ. ರಾಗಿಯ ನಡುವೆ ನಿಂತರೆ ನೀವು ಹೊಲದ ಹೊರಗಿದ್ದೀರಿ ಅಂದಿತು. ಇನ್ನಷ್ಟು ಒಳಗೆ ಹೋದರೂ ಅದೇ ಮಾತು. "ಒರಗವ್ರಂತಾ? ನಾನು ಉತ್ತಿರೋ ಒಲ ಕಣಪ್ಪ ಇದು!" ಎಂದು ಅಕ್ಕ ಫೋನಿಗೇ ಹೇಳಿದಳು. ಅಲೆದು ಅಲೆದು ಕೊನೆಗೆ ಅಂಚಿನಲ್ಲಿ, ಹುಚ್ಚೆಳ್ಳಿನ ಮುಂದೆ ನಿಂತಾಗ ಅದು ಒಪ್ಪಿತು. ಹಳದಿ ಹೂವಿನ ಮುಂದೆ ನೇರಳೆ ಸೀರೆ, ಫೋಟೋ ಚೆನ್ನಾಗಿ ಬಂತು. ಈ ಜಾಗದಲ್ಲಿರುವ ಬೆಳೆ ಯಾವುದು ಎಂದು ಕೇಳಿತು. ಹುಚ್ಚೆಳ್ಳು ಎಂದು ಒತ್ತಿದೆ. ಇನ್ನೊಂದು ಬೆಳೆ ಸೇರಿಸಲು ಕೆಳಗೆ ಗುಂಡಿ ಇತ್ತು. ಅಲ್ಲಿ ರಾಗಿ ಹಾಕಿದರೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಗಾಜಿನ ಮೇಲಿನಿಂದ ಒಂದು ಪಟ್ಟಿ ಇಳಿಯಿತು. ನಿಮ್ಮ ಗೋಧಿ ಕೊಯ್ಲಿಗೆ ಸಿದ್ಧ.

ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ಇನ್ನೊಂದು ಫೋಟೋಗೆಂದು ನಿಂತೇ ಇದ್ದಳು. ಒಂದು ನಿಮಿಷ ಎಂದು ಅವಳಿಗೆ ಹೇಳಿ, ಬೆನ್ನು ತಿರುಗಿಸಿ, ಗೋಧಿ ಕೊಯ್ದೆ. ಹೌದು, ನಿಜವಾದ ರಾಗಿ ಮೊಣಕಾಲಿಗೆ ತಾಗುತ್ತಿರುವಾಗ ಸುಳ್ಳು ಗೋಧಿ ಕೊಯ್ದೆ. ಮತ್ತೆ ಬಿತ್ತಿದೆ ಕೂಡ. ಬೆಳೆಯ ಆಪಿಗೆ ವಾಪಸು ಬಂದಾಗ ಸಲ್ಲಿಸಿ ಎಂಬ ಹಸಿರು ಗುಂಡಿ ಕಾಣಿಸಿತು, ರಾಗಿ ಸೇರಿಸಿಯಾಗಿದೆ ಎಂದು ನನ್ನ ತಲೆ ಹೇಳಿತು, ಒತ್ತಿದೆ. ಧನ್ಯವಾದ ಎಂದು ಬಂತು. "ಆಯ್ತು ಕಣಕ್ಕ" ಅಂದೆ. ಅವಳು ಆಕಾಶಕ್ಕೆ ಕೈ ಮುಗಿದಳು.

ಸುಗ್ಗಿ ಮುಗಿದ ಮೇಲೆ ಅಕ್ಕ ಲ್ಯಾಮಿನೇಷನ್ ಪಹಣಿಯನ್ನು ಚೀಲದಲ್ಲಿಟ್ಟುಕೊಂಡು ಖರೀದಿ ಕೇಂದ್ರಕ್ಕೆ ಹೆಸರು ಬರೆಸಲು ಹೋದಳು. ಜೊತೆಗೆ ನಾನೂ ಇದ್ದೆ. ಕಂಪ್ಯೂಟರ್ ಮುಂದಿದ್ದವನು ಎರಡು ಸಲ ನೋಡಿ ಹೇಳಿದ: "ನಿಮ್ಮ ಹೊಲದಲ್ಲಿ ಹುಚ್ಚೆಳ್ಳು ಅಂತ ಐತಲ್ಲಮ್ಮ. ರಾಗಿನೇ ಇಲ್ವಲ್ಲ."

"ಉಚ್ಚೆಳ್ಳಾ? ಅದು ಚಟ್ನಿಗೆ ಎಸೆದಿರೋದು ಕಣಪ್ಪ. ರಾಗಿ ಕಣದಲ್ಲೈತೆ, ಬಂದು ನೋಡು."

ಅವನು ಒರಟನಲ್ಲ. ತಿದ್ದಿಸುವ ದಿನ ಮುಗಿದಿದೆ, ತಾನೇನೂ ಮಾಡಲಾಗದು ಎಂದು ಸಮಾಧಾನವಾಗಿಯೇ ಹೇಳಿದ. ಹುಚ್ಚೆಳ್ಳಿನ ಮುಂದೆ ನಗುತ್ತಾ ನಿಂತಿದ್ದ ಅಕ್ಕನ ಫೋಟೋವನ್ನೂ ತಿರುಗಿಸಿ ತೋರಿಸಿದ. ಅಕ್ಕ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಯಾಕವ್ವ ಇಂಗಾಯ್ತು?" ಅಂದಳು.

"ಫೋನಿಂದು ಕಣಕ್ಕ. ದರಿದ್ರ ಆಪು," ಅಂದೆ.

ಅವಳು ನಂಬಿದಳು. ನಾನು ಫೋನನ್ನು ಅಷ್ಟು ವರ್ಷದಿಂದ ಬೈದುಕೊಂಡು ಬಂದವಳಲ್ಲವೇ, ನಂಬದೆ ಏನು ಮಾಡುತ್ತಾಳೆ? ರಾಗಿಯನ್ನು ಮನೆಬಾಗಿಲಿಗೆ ಬಂದ ವ್ಯಾಪಾರಿ ತುಂಬಿಕೊಂಡು ಹೋದ. ಅವನು ಯಾರ ಹೆಸರನ್ನೂ ಕೇಳಲಿಲ್ಲ, ಚೀಟಿಯನ್ನೂ ಕೊಡಲಿಲ್ಲ. ಅಲ್ಲಿಂದಾಚೆ ಅಕ್ಕ ಊರಿನಲ್ಲಿ ಕಂಡಕಂಡವರ ಫೋನನ್ನು ನನ್ನ ಮಾತಿನಲ್ಲೇ ಬೈಯತೊಡಗಿದಳು. ಅವಳ ಬಾಯಲ್ಲಿ ನನ್ನ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಹಿಡಿಯಾದಂತಾಗುತ್ತಿತ್ತು.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬಿಸಿ ಮುದ್ದೆಗೆ ಉಪ್ಪೆಸರು ಬಿಟ್ಟು, ತಟ್ಟೆಯ ಅಂಚಿಗೆ ಹುಚ್ಚೆಳ್ಳು ಚಟ್ನಿಪುಡಿ ಹಾಕಿದಳು. "ತಿನ್ನು, ಗೌರ್ಮೆಂಟಲ್ಲಿ ನನ್ನೆಸ್ರಲ್ಲಿರೋ ಬೆಳೆ ಇದೇಯ," ಎಂದು ನಕ್ಕಳು. ಆಗ ಚೀಲದಲ್ಲಿದ್ದ ಫೋನು ಟಣ್ ಎಂದಿತು.

"ಯಾರೋ ಕರೀತಾವ್ರೆ, ನೋಡು."

ಹಿಡಿದಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟೆ. "ಯಾರೂ ಅಲ್ಲ ಕಣಕ್ಕ. ಒಂದು ಆಟ. ಅದ್ರಲ್ಲಿ ಗೋಧಿ ಕುಯ್ಲಿಗೆ ಬಂದೈತೆ ಅಂತ ಹೇಳ್ತದೆ."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ತೆಗೆದು ತೋರಿಸಿದೆ. ಹಳದಿ ಗೋಧಿ ಗಾಳಿಯಿಲ್ಲದೆ ತೂಗುತ್ತಿತ್ತು. ಅವಳು ಬಗ್ಗಿ ನೋಡಿದಳು, ಬೆಳೆ ನೋಡುವ ರೀತಿಯಲ್ಲೇ ನೋಡಿದಳು.

"ಅವತ್ತು ಒಲದಲ್ಲಿ ತಿರೀಕಂಡು ನಿಂತಿದ್ಯಲ್ಲ, ಆಗ್ಲೂ ಇದೇ ಬಂದಿತ್ತಾ?"

"ಊಂ," ಅಂದೆ. "ತಪ್ಪು ಆಪಿಂದಲ್ಲ ಕಣಕ್ಕ, ನಂದು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಉಪ್ಪೆಸರಿನ ಪಾತ್ರೆ ಮುಚ್ಚಿ, ಕೈ ತೊಳೆದುಕೊಂಡು ಬಂದು ಕೂತಳು.

"ಆ ಬೆಳೆ ಯಾರೆಸ್ರಲ್ಲೈತೆ?" ಎಂದು ಕೇಳಿದಳು.

ಆ ಆಟದಲ್ಲಿ ಹೊಲದ ಬಾಗಿಲಿಗೆ ಒಂದು ಹಲಗೆ ಇದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿದೆ. ಬರೆದವಳು ನಾನೇ, ಆಟ ಇಳಿಸಿಕೊಂಡ ಮೊದಲ ದಿನ.

"ನನ್ನೆಸ್ರಲ್ಲಿ," ಅಂದೆ.