ಬೀಗದಣ್ಣನ ಮನೆಗೊಂದು ಕ್ಯಾಮೆರಾ

ಬೀಗದಣ್ಣ ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲಿನ ಬೀಗವನ್ನು, ಆಮೇಲೆ ಮನೆಯವರ ಮುಖವನ್ನು. ಮದುವೆಗೆ ಮುಂಚೆ ಮೊದಲ ಸಲ ಹೆಂಡತಿಯ ತವರಿಗೆ ಹೋದ ದಿನವೂ ಅಷ್ಟೇ. ಮಾವನಾಗಲಿದ್ದವರು ಬಾಗಿಲು ತೆರೆದು ನಗುತ್ತ ನಿಂತಿದ್ದರೆ, ಇವನು ಬಗ್ಗಿ ಚಿಲಕ ಅಲ್ಲಾಡಿಸಿ, "ನಿಮ್ಮ ಸ್ಕ್ರೂ ಸಡಿಲ ಆಗಿದೆ" ಅಂದನಂತೆ. ಹೆಂಡತಿ ಈಗಲೂ ಆ ಕಥೆ ಹೇಳಿ ಹೇಳಿ ನಗುತ್ತಾಳೆ. ಇವನಿಗೆ ಅದರಲ್ಲಿ ನಗುವಂಥದ್ದು ಏನಿದೆ ಎಂದು ಇವತ್ತಿಗೂ ಗೊತ್ತಾಗಿಲ್ಲ, ಸ್ಕ್ರೂ ನಿಜವಾಗಿಯೂ ಸಡಿಲವಾಗಿತ್ತು.

ಅವನ ಅಂಗಡಿ ಒಂದು ಬೇಕರಿ ಮತ್ತು ಒಂದು ಇಸ್ತ್ರಿ ಅಂಗಡಿಯ ನಡುವೆ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಅಗಲ. ಗೋಡೆ ತುಂಬ ಹಲ್ಲು ಕೊರೆಯದ ಕೀಗಳು, ಒಂದು ಕೀ ಕತ್ತರಿಸುವ ಯಂತ್ರ, ಒಂದು ಸ್ಟೂಲು. ಅಂಗಡಿ ಹಾಕಿದವರು ಅವನ ಅಪ್ಪ. ನಲವತ್ತು ವರ್ಷ ಆ ಸ್ಟೂಲಿನ ಮೇಲೆ ಕೂತವರು. ಕಣ್ಣು ಮುಚ್ಚಿಕೊಂಡು, ಕೊಡೆಯ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ, ಬೀಗದೊಳಗಿನ ಪಿನ್ನುಗಳ ಸಣ್ಣ ಸದ್ದನ್ನು ಕೇಳಿಸಿಕೊಂಡೇ ಬಾಗಿಲು ತೆಗೆಯುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಒಬ್ಬ ಗಿರಾಕಿಯ ಪೆಟ್ಟಿಗೆಯ ಬೀಗದಲ್ಲಿ ಕೊಕ್ಕೆ ಮುರಿದು ಒಳಗೇ ಉಳಿಯಿತು. ಗಿರಾಕಿ ಪೆಟ್ಟಿಗೆಯನ್ನು ಮಗನ ಕಡೆಗೆ ತಿರುಗಿಸಿ ಇಟ್ಟ. ಆ ಸಂಜೆ ಮಗ, "ಅಪ್ಪಾ, ಸಾಕು ಇನ್ನು, ಮನೇಲಿ ಆರಾಮಾಗಿರು" ಅಂದ. ಅಪ್ಪ ಅಂಗಡಿಯ ಕೀ ತೆಗೆದು ಕೊಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಒಂದು ಕೊಡೆ, ಒಂದು ಮಡಚುವ ಸ್ಟೂಲು ಹಿಡಿದು ಪಾರ್ಕಿಗೆ ಹೋಗಿ, ಒಂದು ಗಂಟೆಗೆ ಊಟಕ್ಕೆ ಬರುತ್ತಾರೆ.

ಎಲ್ಲವೂ ನೆಟ್ಟಗೆ ಇತ್ತು, ಒಂದು ಸೋಮವಾರದ ತನಕ. ಅಂದು ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಹೆಂಡತಿ ಮುಂಬಾಗಿಲ ಬೀಗದ ಹಿತ್ತಾಳೆ ತಟ್ಟೆಯ ಮೇಲೆ ಗೀರುಗಳನ್ನು ಕಂಡಳು. ಬೀಗದಣ್ಣ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಅದು ಕೀ ತಪ್ಪಿ ತಗುಲಿದ ಗೀರಲ್ಲ. ಯಾರೋ ಕೊಕ್ಕೆ ಹಾಕಿದ್ದಾರೆ. ಒಂದೊಂದು ಗೀರಿನ ಪಕ್ಕದಲ್ಲೂ ಇನ್ನೊಂದು ಗೀರು, ಜೋಡಿ ಜೋಡಿಯಾಗಿ.

"ಹೊಸಬ" ಎಂದು ತೀರ್ಪು ಕೊಟ್ಟ. "ಕೈ ನಡುಗಿದೆ ನೋಡು. ಮೊದಲ ಕಳ್ಳತನ ಇರಬೇಕು, ಭಯ ಬಿದ್ದಿದ್ದಾನೆ."

"ಅವನು ಭಯ ಬಿದ್ರೆ ನನಗೇನು ಲಾಭ? ನನಗೆ ಭಯ ಆಗ್ತಾ ಇದೆಯಲ್ರೀ" ಅಂದಳು ಹೆಂಡತಿ.

ಆ ವಾರ ಇನ್ನೂ ಎರಡು ಸಲ ಹೊಸ ಗೀರು ಬಿತ್ತು. ಮನೆಯೊಳಗಿನ ಒಂದು ಚಮಚವೂ ಕದಲಿರಲಿಲ್ಲ. ಹೆಂಡತಿಗೆ ಅದೇ ಹೆಚ್ಚು ಗಾಬರಿ, ಕದ್ದುಕೊಂಡು ಹೋಗಿದ್ದರೆ ಲೆಕ್ಕ ಮುಗಿಯುತ್ತಿತ್ತು. ಶುಕ್ರವಾರ ಅವಳು ಖಡಾಖಂಡಿತವಾಗಿ ಹೇಳಿದಳು: "ಮುಂದಿನ ಭಾನುವಾರದೊಳಗೆ ಇದು ಯಾರ ಕೆಲಸ ಅಂತ ಗೊತ್ತಾಗಬೇಕು. ಇಲ್ಲಾಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ, ಮಾವನ್ನೂ ಕರ್ಕೊಂಡು. ವಯಸ್ಸಾದೋರು, ಒಬ್ಬರೇ ಬಂದು ಹೋಗ್ತಾ ಇರ್ತಾರೆ. ಅವರಿಗೇನಾದ್ರೂ ಹೆಚ್ಚು ಕಮ್ಮಿ ಆದ್ರೆ?"

ಬೀಗದಣ್ಣನಿಗೆ ಇದರ ಜೊತೆಗೆ ಇನ್ನೊಂದು ಸಂಕಟ. ಆ ಬೀಗ ಅವನ ಅಂಗಡಿಯಲ್ಲೇ ಅತ್ಯುತ್ತಮವಾದದ್ದು, ಏಳು ಪಿನ್ನಿನದು. "ನಮ್ಮನೆಗೂ ಇದೇ ಹಾಕಿದೀನಿ" ಎಂದು ಹೇಳಿ ಹೇಳಿಯೇ ಊರಿಗೆಲ್ಲ ಮಾರಿದ್ದ. ಅದಕ್ಕೆ ಯಾರೋ ಕೈ ಹಾಕಿದ್ದಾರೆ ಎಂಬ ಸುದ್ದಿ ಬೇಕರಿಯವನ ಕಿವಿಗೆ ಬಿದ್ದರೂ ಸಾಕು, ಮಾನ ಮೂರು ಕಾಸಿಗೆ ಹೋಗುತ್ತದೆ. ಪೊಲೀಸರಂತೂ ಬೇಡವೇ ಬೇಡ. ಉಳಿದದ್ದು ಕ್ಯಾಮೆರಾ. ಇಷ್ಟು ವರ್ಷ ಅವನು ಅದರ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ, "ಬೀಗ ಕಳ್ಳನ್ನ ತಡೆಯುತ್ತೆ, ಕ್ಯಾಮೆರಾ ಕಳ್ಳನ ಫೋಟೋ ತೆಗೆಯುತ್ತೆ, ಅಷ್ಟೇ" ಎನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ, ಗುರುತಿನವರು ಯಾರೂ ಇಲ್ಲದ ಬಡಾವಣೆಯ ಒಂದು ಕ್ಯಾಮೆರಾ ಅಂಗಡಿಗೆ ಹೋದ. ಒಳಗೆ ಕಾಲಿಟ್ಟಿದ್ದೇ ತಡ, ಮಾಲೀಕ ಎದ್ದು ನಿಂತ.

"ಅರೆ, ಬೀಗದಣ್ಣ. ಹೋದ ವರ್ಷ ನನ್ನ ಶಟರ್ ತೆಗೆದುಕೊಟ್ಟಿದ್ರಲ್ಲ. ಏನಣ್ಣ, ನೀವೂ ನಮ್ಮ ದಾರಿಗೆ ಬಂದ್ರಾ?"

"ನನಗಲ್ಲ, ನಮ್ಮ ನೆಂಟರೊಬ್ಬರಿಗೆ" ಅಂದ ಬೀಗದಣ್ಣ. ಟೋಪಿ ತೆಗೆದು ಜೇಬಿಗೆ ತುರುಕಿದ.

ಮಾಲೀಕ ನಕ್ಕ. ಮೊದಲು ಒಂದು ಪುಟ್ಟ ಬಿಳಿ ಕ್ಯಾಮೆರಾ ತೋರಿಸಿದ. ಅತಿ ಅಗ್ಗ, ವೈರ್ ಇಲ್ಲ, ವೈಫೈನಲ್ಲಿ ಓಡುತ್ತದೆ, ರೆಕಾರ್ಡಿಂಗ್ ಎಲ್ಲ ಅದರ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿ.

"ಕಳ್ಳ ಕ್ಯಾಮೆರಾನೇ ಕಿತ್ಕೊಂಡು ಹೋದ್ರೆ?"

"ಕಾರ್ಡೂ ಅದರ ಜೊತೆ ಹೋಗುತ್ತೆ."

"ಅಂದ್ರೆ ಕೀನ ಬೀಗದಲ್ಲೇ ಬಿಟ್ಟು ಹೋದ ಹಾಗಾಯ್ತು. ಬೇಡ."

ಎರಡನೆಯದರಲ್ಲಿ ರೆಕಾರ್ಡಿಂಗ್ ಇಂಟರ್‌ನೆಟ್ಟಿನ ಮೂಲಕ ಕಂಪನಿಯ ಹತ್ತಿರ ಹೋಗಿ ಕೂರುತ್ತದೆ, ತಿಂಗಳಿಗಿಷ್ಟು ಅಂತ ಕಟ್ಟಬೇಕು. ಬೀಗದಣ್ಣನ ಹುಬ್ಬು ಮೇಲೇರಿತು. ತನ್ನ ಬೀಗಕ್ಕೆ ತಿಂಗಳಿಗಿಷ್ಟು ಅಂತ ವಸೂಲಿ ಮಾಡಿದ್ದರೆ ತಾನೂ ಇಷ್ಟು ಹೊತ್ತಿಗೆ ಮಹಡಿ ಮನೆ ಕಟ್ಟಿಸಿರುತ್ತಿದ್ದೆ ಎಂದು ಅವನಿಗೆ ಹೊಟ್ಟೆ ಉರಿಯಿತು. ಮೂರನೆಯದು ಎಂಟು ಕ್ಯಾಮೆರಾಗಳ ದೊಡ್ಡ ಸೆಟ್ಟು, ಡಿಸ್ಕೌಂಟಿನಲ್ಲಿದೆ ಅಂದ ಮಾಲೀಕ. "ಇರೋದು ಒಂದು ಬಾಗಿಲು, ಎಂಟು ಕಣ್ಣು ಇಟ್ಕೊಂಡು ಏನು ನೋಡ್ಲಿ?" ಎಂದು ಅದನ್ನೂ ಪಕ್ಕಕ್ಕೆ ಸರಿಸಿದ.

ಕೊನೆಗೆ ಮಾಲೀಕ ವ್ಯಾಪಾರದ ಧಾಟಿ ಬಿಟ್ಟು ಸ್ಟೂಲು ಎಳೆದುಕೊಂಡು ಕೂತ. "ನೋಡಣ್ಣ, ನಿಮ್ಮ ನೆಂಟರಿಗೆ ಹೇಳಿ. ವೈರ್ ಇರೋ ಕ್ಯಾಮೆರಾ ಒಂದು ಸಾಕು. ನಾಲ್ಕು ಕ್ಯಾಮೆರಾ ಜೋಡಿಸೋಕೆ ಆಗೋ ಚಿಕ್ಕ ರೆಕಾರ್ಡರ್ ಡಬ್ಬ ತಗೊಳ್ಳಿ, ಮುಂದೆ ಬೇಕಾದ್ರೆ ಇನ್ನೊಂದು ಸೇರಿಸಬಹುದು. ಡಬ್ಬನ ಮನೆ ಒಳಗೆ, ಕಣ್ಣಿಗೆ ಬೀಳದ ಕಡೆ ಇಡಲಿ. ದುಡ್ಡು ಉಳಿಸೋದಾದ್ರೆ ಕ್ಯಾಮೆರಾದಲ್ಲಿ ಉಳಿಸಿ, ಹಾರ್ಡ್ ಡಿಸ್ಕಲ್ಲಿ ಬೇಡ. ಕಂಪ್ಯೂಟರಿನ ಹಳೇ ಡಿಸ್ಕ್ ಹಾಕಿಸ್ಕೊಂಡವರೆಲ್ಲ ವರ್ಷದೊಳಗೆ ವಾಪಸ್ ಬಂದಿದ್ದಾರೆ. ಹಗಲೂ ರಾತ್ರಿ ಓಡೋಕೆ ಅಂತಲೇ ಮಾಡಿದ್ದು ಬೇರೆ ಬರುತ್ತೆ, ಅದನ್ನೇ ಹಾಕಿ."

"ಮುಖ ಕಾಣುತ್ತಾ?"

"ಎತ್ತರದಲ್ಲಿ ಹಾಕಿದ್ರೆ ನೆತ್ತಿ ಕಾಣುತ್ತೆ, ತಗ್ಗಲ್ಲಿ ಹಾಕಿದ್ರೆ ಮುಖ ಕಾಣುತ್ತೆ. ಜನ ಎಲ್ಲ ಮಾಡೋ ತಪ್ಪು ಅದೇ. ಬಾಗಿಲ ಹತ್ರ ಯಾರಾದ್ರೂ ಬಂದ್ರೆ ಫೋನಿಗೆ ಟಿಂಗ್ ಅಂತ ಬರುತ್ತೆ."

ಇವನೂ ನನ್ನ ಹಾಗೇ ಗಿರಾಕಿಗೆ ನಿಜ ಹೇಳುವವನು ಎಂದು ಬೀಗದಣ್ಣನಿಗೆ ಖುಷಿಯಾಯಿತು. ಚೌಕಾಸಿಯನ್ನೂ ಮರೆತು ದುಡ್ಡು ಎಣಿಸಿಕೊಟ್ಟ. ಬಾಗಿಲು ದಾಟುವಾಗ ಮಾಲೀಕ, "ನೆಂಟರಿಗೆ ನಮಸ್ಕಾರ ಹೇಳಿ" ಅಂದ.

ಭಾನುವಾರ ಅಪ್ಪ ಕ್ಷೌರಕ್ಕೆ ಹೋಗಿದ್ದಾಗ ಕ್ಯಾಮೆರಾವನ್ನು ಬಾಗಿಲ ಪಕ್ಕದ ಗೋಡೆಗೆ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಕೂರಿಸಿದ. ರೆಕಾರ್ಡರ್ ಡಬ್ಬ ಹಳೆಯ ಕಂಬಳಿಗಳ ಕಪಾಟು ಸೇರಿತು. ವಯಸ್ಸಾದವರಿಗೆ ಸುಮ್ಮನೆ ಗಾಬರಿ ಯಾಕೆ ಎಂದು, ಗಂಡ ಹೆಂಡತಿ ಸೇರಿ ಅಪ್ಪನಿಗೆ ಅದು ಹೊಸ ದೀಪ ಎಂದು ಹೇಳಿದರು. ಅಪ್ಪ ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಬೆಳಕೇನೂ ಜಾಸ್ತಿ ಇಲ್ಲ" ಅಂದು ಒಳಗೆ ಹೋದರು.

ಸೋಮವಾರ ಏನೂ ಇಲ್ಲ. ಮಂಗಳವಾರ ಒಂದು ಬೆಕ್ಕು. ಬುಧವಾರ ಹನ್ನೊಂದು ಗಂಟೆಗೆ ಒಬ್ಬಾಕೆಯ ಸೂಟ್‌ಕೇಸಿಗೆ ಕೀ ಮಾಡುತ್ತಿದ್ದಾಗ ಫೋನು ಟಿಂಗ್ ಎಂದಿತು. ನೋಡಿದರೆ ಪರದೆ ತುಂಬ ಕಪ್ಪು. ಯಾರೋ ಕೊಡೆ ಅಡ್ಡ ಹಿಡಿದು ಬಾಗಿಲ ಮುಂದೆ ಕೂತಿದ್ದಾರೆ. ಹಾಡಹಗಲಲ್ಲಿ, ಕೂತುಕೊಂಡು. ಬೀಗದಣ್ಣ ಕೀ ಕೆಳಗಿಟ್ಟು ಎದ್ದ. "ಅಮ್ಮಾ, ಹತ್ತು ನಿಮಿಷ" ಎಂದವನೇ ಸುತ್ತಿಗೆ ಹಿಡಿದು ಬೀದಿಗಿಳಿದ. ಹಿಂದಿನಿಂದ ಬೇಕರಿಯವನು ಏನೋ ಕೇಳಿದ, ಅದು ಇವನ ಕಿವಿಗೆ ಹೋಗಲಿಲ್ಲ.

ಮನೆಯ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತು, ಒಳನುಗ್ಗುವ ಮುಂಚೆ ಇನ್ನೊಮ್ಮೆ ಫೋನು ನೋಡಿದ. ಕೊಡೆ ಪಕ್ಕಕ್ಕೆ ಸರಿದಿತ್ತು. ಮಡಚುವ ಸ್ಟೂಲಿನ ಮೇಲೆ, ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಬಾಗಿಲಿಗೆ ಹಚ್ಚಿಕೊಂಡು ಅಪ್ಪ ಕೂತಿದ್ದರು. ಕೈಯಲ್ಲಿ ಕೊಡೆ ಕಡ್ಡಿಯ ಕೊಕ್ಕೆ.

ಸುತ್ತಿಗೆ ಹಿಡಿದ ಕೈ ತಾನಾಗಿಯೇ ಇಳಿಯಿತು. ಹೊಸಬನಂತೆ, ಕೈ ನಡುಗಿದೆಯಂತೆ. ಭೂತಗನ್ನಡಿ ಇಟ್ಟುಕೊಂಡು ಅರ್ಧ ಗಂಟೆ ನೋಡಿದವನಿಗೆ ತನ್ನ ಅಪ್ಪನ ಕೈ ಗುರುತು ಸಿಗಲಿಲ್ಲ. ಆ ಕೈ ಮುಗಿದೇ ಹೋಯಿತೆಂದು ಎರಡು ವರ್ಷದ ಹಿಂದೆಯೇ ಅವನು ತೀರ್ಮಾನ ಮಾಡಿಬಿಟ್ಟಿದ್ದ. ಅವನಿಗೆ ನಾಚಿಕೆಯಾಯಿತು.

ಮೂವತ್ತು ಹೆಜ್ಜೆ ನಡೆದರೆ ಮನೆ. ನಡೆಯಲಿಲ್ಲ. ಈಗ ಹೋಗಿ ಎದುರು ನಿಂತರೆ ಅಪ್ಪನ ಮುಖ ಹೇಗಾಗಬಹುದೆಂದು ನೆನೆದ. ಪಕ್ಕದವರ ಗೋಡೆಗೆ ಒರಗಿ ಫೋನನ್ನೇ ನೋಡುತ್ತ ನಿಂತ. ಪರದೆಯಲ್ಲಿ ಅಪ್ಪನ ಬಲಗೈ ನಡುಗುತ್ತಿತ್ತು. ಅಪ್ಪ ಎಡಗೈಯಿಂದ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕೊಕ್ಕೆಯನ್ನು ಮಾತ್ರ ಬೆರಳ ತುದಿಯಲ್ಲಿ ಆಡಿಸುತ್ತಿದ್ದರು. ಅದು ಹೊಸ ಉಪಾಯ, ಅಂಗಡಿಯಲ್ಲಿದ್ದಾಗ ಹಾಗೆ ಮಾಡುತ್ತಿರಲಿಲ್ಲ. ಎರಡು ಸಲ ಕೊಕ್ಕೆ ಜಾರಿತು. ಬೀಗದಣ್ಣ ತನಗೆ ಗೊತ್ತಿಲ್ಲದೆಯೇ ಪಿಸುಗುಟ್ಟತೊಡಗಿದ್ದ: "ಐದನೇದು ಗಟ್ಟಿ ಇದೆ ಅಪ್ಪಾ, ಸ್ವಲ್ಪ ಸಡಿಲ ಬಿಡು, ಬಿಟ್ಟು ಮತ್ತೆ ಎತ್ತು." ತನ್ನದೇ ಮನೆಯ ಬೀಗ ಕೊಕ್ಕೆಗೆ ಸೋಲಲಿ ಎಂದು ಬೇಡಿಕೊಂಡ ಮೊದಲ ಬೀಗದವನು ಅವನೇ ಇರಬೇಕು.

ಹನ್ನೊಂದೂವರೆಗೆ ಬಾಗಿಲು ಒಂದು ಬೆರಳಿನಷ್ಟು ಒಳಕ್ಕೆ ಸರಿಯಿತು. ಅಪ್ಪ ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಆ ಸಂದಿಯನ್ನೇ ನೋಡಿದರು, ಮುಖವರಳಿಸಿ ನಕ್ಕರು. ಆಮೇಲೆ ಜೇಬಿನಲ್ಲಿ ತಮ್ಮ ಕೀ ಇದೆಯೆಂದು ಮುಟ್ಟಿ ನೋಡಿಕೊಂಡು, ಬಾಗಿಲು ಎಳೆದು ಬೀಗ ಬೀಳಿಸಿ, ಸ್ಟೂಲು ಮಡಚಿ, ಪಾರ್ಕಿನ ಕಡೆ ಹೊರಟರು. ಬೀಗದಣ್ಣ ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಕಣ್ಣೊರೆಸಿಕೊಂಡ.

ಸೂಟ್‌ಕೇಸಿನಾಕೆ ಇನ್ನೂ ಕಾಯುತ್ತಿದ್ದಳು. ಕೀ ಮಾಡಿಕೊಟ್ಟು, ಇಡೀ ಮಧ್ಯಾಹ್ನ ಅವನು ಯೋಚಿಸಿದ. ಹೆಂಡತಿಗೆ ಹೇಳಲೇಬೇಕು, ಭಾನುವಾರ ಹತ್ತಿರ ಬರುತ್ತಿದೆ. ಹೇಳಿದರೆ ಅವಳು ಮನಸಾರೆ ಅಯ್ಯೋ ಅನ್ನುತ್ತಾಳೆ, ಆ ಅಯ್ಯೋ ಒಂದು ದಿನ ಅಪ್ಪನ ಕಿವಿಗೆ ಬೀಳುತ್ತದೆ. ಕಳ್ಳನ ಸುಳಿವು ಅವಳಿಗೆ ಸಿಗಬೇಕು, ಆದರೆ ಸಿಕ್ಕಿಬಿದ್ದೆ ಎಂದು ಅಪ್ಪನಿಗೆ ಅನ್ನಿಸಬಾರದು.

ಶನಿವಾರ ಹೆಂಡತಿಗೆ ರಜೆ. ಬೆಳಿಗ್ಗೆ ಅಪ್ಪ ಪಾರ್ಕಿಗೆ ಹೋದ ಮೇಲೆ ಅವಳನ್ನು ತರಕಾರಿಗೆಂದು ಕರೆದುಕೊಂಡು ಹೊರಟ. ಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು, ಎಳೆದ. ವಾಪಸ್ ಬಂದು ಬಾಗಿಲ ಮುಂದೆ ನಿಂತು ಅಂಗಿ ಪ್ಯಾಂಟು ಎಲ್ಲ ತಡಕಾಡಿದ.

"ಕೀ ಒಳಗೇ ಉಳೀತು ಕಣೇ. ನಿನ್ನ ಹತ್ರ ಇದೆಯಾ?"

"ನೀವೇ ಇದೀರಲ್ಲ ಅಂತ ನಾನು ತರಲಿಲ್ಲ. ಬೀಗದಣ್ಣನ ಮನೆಗೇ ಬೀಗ. ತೆಗೀರಿ, ನಿಮಗೇನು ಹೊಸದಾ?"

"ನನ್ನ ಸಾಮಾನೆಲ್ಲ ಅಂಗಡೀಲಿದೆ. ಅಪ್ಪನ್ನ ಕರೀತೀನಿ ಇರು."

"ಮಾವನ ಕೈಲಿ ಆಗುತ್ತೇನ್ರೀ" ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ಆಗಲೇ ಫೋನು ಮಾಡುತ್ತಿದ್ದ. ಅಪ್ಪನ ಹತ್ತಿರ ಕೀ ಇದೆ ಎಂಬುದು ಅವಳಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಅಪ್ಪ ಬಂದರು. ಮಗ ವಿಷಯ ಹೇಳಿ, "ನೀನೇ ನೋಡಬೇಕು ಅಪ್ಪಾ, ನನ್ನ ಕೈಲಿ ಆಗ್ತಾ ಇಲ್ಲ" ಅಂದ. ಅಪ್ಪನ ಕೈ ತಮ್ಮ ಕೀ ಇದ್ದ ಜೇಬಿನವರೆಗೂ ಹೋಯಿತು. ಮಗನ ಮುಖವನ್ನು, ಸೊಸೆಯ ಕೈಯಲ್ಲಿದ್ದ ತರಕಾರಿ ಚೀಲವನ್ನು, ಗೋಡೆಯ ಮೇಲಿನ ಹೊಸ ದೀಪವನ್ನು ಒಂದೊಂದಾಗಿ ನೋಡಿದರು. ಜೇಬಿನಿಂದ ಕೈ ಬರಿದಾಗಿಯೇ ಹೊರಬಂತು. ಸ್ಟೂಲು ಬಿಡಿಸಿ ಕೂತರು, ಕೊಡೆಯ ಹಿಡಿಯೊಳಗಿಂದ ಕೊಕ್ಕೆ ಎಳೆದರು, ಎಡಗೈಯಿಂದ ಬಲ ಮಣಿಕಟ್ಟು ಹಿಡಿದರು. ಹಿತ್ತಾಳೆ ತಟ್ಟೆಯ ಮೇಲೆ ಹೊಸದೊಂದು ಜೋಡಿ ಗೀರು ಬಿತ್ತು. ಸೊಸೆ ಬಗ್ಗಿ ನೋಡಿದಳು. ಬಾಯಿಗೆ ಬಂದದ್ದನ್ನು ಅಲ್ಲೇ ತಡೆದು ಗಂಡನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯ ಮೇಲೆ ನಗು. ವಾರಗಟ್ಟಲೆಯ ಭಯ ಅಷ್ಟರಲ್ಲಿ ಹೋಗಿತ್ತು.

"ಮಾವ, ನಿಧಾನಕ್ಕೆ ತೆಗೀರಿ. ನಮಗೇನೂ ಅವಸರ ಇಲ್ಲ" ಅಂದಳು.

ಬೀಗದಣ್ಣ ಕಾಲು ಬದಲಿಸುತ್ತ ನಿಂತಿದ್ದ. ಐದನೆಯ ಪಿನ್ನಿನ ಹತ್ತಿರ ಅಪ್ಪ ತಡೆದರು. ಕಣ್ಣು ಮುಚ್ಚಿಯೇ ಇತ್ತು, ಕಿವಿ ಬಾಗಿಲಿಗೆ ಹಚ್ಚಿಯೇ ಇತ್ತು.

"ಮಗಾ" ಅಂದರು, ತಿರುಗದೆಯೇ, "ನಿನ್ನ ಜೇಬಲ್ಲಿ ಚಿಲ್ಲರೆಗೆ ತಾಗ್ತಾ ಇರೋ ಮನೆ ಕೀನ ಒಂದು ಕೈಯಲ್ಲಿ ಹಿಡ್ಕೊಂಡು ನಿಂತ್ಕೊ. ಅದರ ಸದ್ದಿಗೆ ನನಗೆ ಪಿನ್ನು ಕೇಳಿಸ್ತಾ ಇಲ್ಲ."

ಬೀಗದಣ್ಣ ಜೇಬಿಗೆ ಕೈ ಹಾಕಿ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.